ಆಯ್ತಣ್ಣನ ಕಲ್ಲು

ಹೆದ್ದಾರಿ ಇರುವುದು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದಕ್ಕೆ ಎಂದು ನಂಬಿಕೊಂಡವರು ಇಲಾಖೆಯವರು. ಅದರ ಮಗ್ಗುಲಲ್ಲೇ ಹುಟ್ಟಿ ಬೆಳೆದ ನಮಗೆ ಅದರ ನಿಜವಾದ ಉಪಯೋಗ ಗೊತ್ತಿದೆ. ನಮ್ಮ ರಾಜ್ಯ ಹೆದ್ದಾರಿ ಮೇಲಿನ ಊರಿನಲ್ಲಿ ಮೆಣಸಿನಕಾಯಿ ಒಣಗಿಸುವ ಅಂಗಳ. ಅಲ್ಲಿಂದ ಇಳಿದು, ಹಳ್ಳ ದಾಟಿ, ಕುರಿಯವರ ಊರಿಗೆ ಬಂದರೆ ಅಲ್ಲಿ ಅದು ಕುರಿಗಳು ಮಧ್ಯಾಹ್ನ ಮಲಗುವ ಜಾಗ. ಲಾರಿಯವನು ಹಾರ್ನ್ ಹೊಡೆದರೆ ಕುರಿಗಳು ಏಳುವುದಿಲ್ಲ, ಕುರಿಯವನು ಏಳುತ್ತಾನೆ. ಎದ್ದು ಲಾರಿಯವನಿಗೆ ಬೈದು ಮತ್ತೆ ಮಲಗುತ್ತಾನೆ. ಇಷ್ಟೆಲ್ಲ ಆದಮೇಲೆ ದೊಡ್ಡದೊಂದು ತಿರುವು ತಿರುಗಿ ಅದು ನಮ್ಮೂರಿಗೆ ಬರುತ್ತದೆ. ನಮ್ಮೂರಿನಲ್ಲಿ ಅದು ಜೋಳದ ಕಣ.

ಇದರಲ್ಲಿ ತಪ್ಪೇನೂ ಇಲ್ಲ. ಅಷ್ಟು ಕಪ್ಪಗೆ, ಅಷ್ಟು ನುಣ್ಣಗೆ, ಅಷ್ಟು ಚೆನ್ನಾಗಿ ಕಾಯುವ ನೆಲ ಸುತ್ತಮುತ್ತ ಎಲ್ಲೂ ಇಲ್ಲ. ಸರ್ಕಾರ ಕೊಟ್ಟದ್ದನ್ನು ಬಳಸದೆ ಬಿಟ್ಟರೆ ಸರ್ಕಾರಕ್ಕೇ ಅವಮಾನ.

ಕಾಗದದ ಮೇಲೆ ಈ ಹೆದ್ದಾರಿ ಬಹಳ ಅಗಲವಂತೆ. ನೆಲದ ಮೇಲೆ ಅದು ಒಂದು ಬಸ್ಸು ಮತ್ತು ಒಂದು ಸೈಕಲ್ಲು ಒಟ್ಟಿಗೆ ಹೋಗುವಷ್ಟು ಅಗಲ, ಅದೂ ಸೈಕಲ್ಲಿನವನಿಗೆ ಬುದ್ಧಿ ಇದ್ದರೆ. ಒಂದು ಕಡೆ ಹೊಲ, ಇನ್ನೊಂದು ಕಡೆ ಅಂಗಡಿ, ಮನೆ. ಅಂಗಡಿಗಳಿಗೆ ನಮ್ಮಲ್ಲಿ ಕಾಲಿವೆ. ಟೀ ಅಂಗಡಿಯ ಅತ್ತಿಗೆ, ಅಂದರೆ ಊರಿಗೆಲ್ಲ ಅತ್ತಿಗೆಯಾದವಳು, ಮೊದಲು ಬಿಸಿಲಿಗೆಂದು ಮುಂದಕ್ಕೆ ಒಂದು ತಗಡು ಇಳಿಸಿದಳು. ಆಮೇಲೆ ತಗಡಿನ ಕೆಳಗೆ ಒಲೆ ಬಂತು. ಒಲೆಯ ಮುಂದೆ ಬೆಂಚು ಬಂತು. ಬೆಂಚಿಗೆ ಬಿಸಿಲು ಬೀಳುತ್ತದೆಂದು ಮತ್ತೊಂದು ತಗಡು ಬಂತು. ಅವಳು ಬಂದಳೆಂದು ಪಕ್ಕದ ಕಟಿಂಗ್ ಶಾಪಿನವನು ತನ್ನ ಕುರ್ಚಿ, ಕನ್ನಡಿ, ಕಾಯುವವರ ಹಲಗೆ ಸಮೇತ ಮುಂದೆ ಬಂದ. ನನ್ನ ವಿಷಯ ಹೇಳುವುದಾದರೆ, ನಾನು ಅವನ ಪಕ್ಕದ ದರ್ಜಿ. ನನ್ನ ಹೊಲಿಗೆ ಮೆಷಿನ್ನು ಬೆಳಕಿಗಾಗಿ ಒಂದು ಹೆಜ್ಜೆ ಮುಂದೆ ಬಂದಿತ್ತು. ಬೆಳಕಿಗಾಗಿ ಬಂದದ್ದನ್ನು ಒತ್ತುವರಿ ಎನ್ನುವುದು ಸಣ್ಣತನ.

ಇವೆಲ್ಲದರ ಆಚೆ ಒಂದು ಹಳೆಯ ಮನೆ, ಮನೆ ಮುಂದೆ ಕಲ್ಲಿನ ಜಗಲಿ. ಅದು ಆಯ್ತಣ್ಣನ ದೊಡ್ಡಮ್ಮನದು.

ಈಗ ಆಯ್ತಣ್ಣನ ಬಗ್ಗೆ ಹೇಳಬೇಕು. ಅವನ ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತಿರಬಹುದು. ಯಾರು ಏನು ಕೇಳಿದರೂ ಮಾತು ಮುಗಿಯುವ ಮೊದಲೇ "ಆಯ್ತು" ಅನ್ನುವುದು ಅವನ ಸ್ವಭಾವ. ಒಮ್ಮೆ ಒಂದೇ ಹಸುವನ್ನು ಇಬ್ಬರಿಗೆ ಮಾರಲು ಒಪ್ಪಿಕೊಂಡು, ಇಬ್ಬರೂ ಹಗ್ಗ ಹಿಡಿದು ಬಂದಾಗ ಇಬ್ಬರಿಗೂ "ಆಯ್ತು" ಅಂದ. ಕೊನೆಗೆ ಹಸು ಅವನ ಕೊಟ್ಟಿಗೆಯಲ್ಲೇ ಉಳಿದು, ಇಬ್ಬರ ಮನೆಗೂ ಪುಕ್ಕಟೆ ಹಾಲು ಹೋಯಿತು. ಅವನ ಹೆಂಡತಿ ಆ ಕಾಲದಲ್ಲಿ ಅವನ ಬಾಯಿಗೆ ನನ್ನ ಹತ್ತಿರ ಗುಂಡಿ ಹೊಲಿಸುವ ಮಾತಾಡಿದ್ದಳು. ಒಳ್ಳೆಯ ಮನುಷ್ಯ, ಪಾಪ. ತಾಯಿ ಇಲ್ಲದ ಕೂಸು ಎಂದು ದೊಡ್ಡಮ್ಮನೇ ಅವನನ್ನು ಎತ್ತಿಕೊಂಡು ಸಾಕಿದ್ದಳು. ಅವನು ಅಂಬೆಗಾಲಿಟ್ಟಿದ್ದು, ಬಿದ್ದು ಹಲ್ಲು ಮುರಿದುಕೊಂಡದ್ದು, ಜ್ವರ ಬಂದು ಮಲಗಿದ್ದು ಎಲ್ಲ ಆ ಜಗಲಿಯ ಮೇಲೇ.

ದೊಡ್ಡಮ್ಮನ ಗಂಡ ಇದೇ ಹೆದ್ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದ. ಬಸ್ಸು ತಿರುವಿನಲ್ಲಿ ಕಂಡ ಕೂಡಲೇ ಜಗಲಿಯಿಂದ ಎದ್ದು ಒಲೆಯ ಮೇಲೆ ನೀರಿಡುವುದು ಅವಳ ಅಭ್ಯಾಸ. ಅವನು ತೀರಿಕೊಂಡು ವರ್ಷಗಳಾದವು. ಆಮೇಲೂ ಅವಳು ಅಲ್ಲೇ ಕೂತು ತಿರುವು ನೋಡುತ್ತಿದ್ದಳು, ಬಸ್ಸು ಕಂಡರೆ "ಬಂತು, ಏಳಿ" ಎಂದು ಕಾಯುವವರನ್ನು ಎಬ್ಬಿಸುತ್ತಿದ್ದಳು. ಅತ್ತಿಗೆಯ ಎರಡನೇ ತಗಡು ಇಳಿದ ಮೇಲೆ ಜಗಲಿಯಿಂದ ತಿರುವು ಕಾಣುವುದು ನಿಂತುಹೋಯಿತು. ತಗಡು ಮಾತ್ರ ಕಾಣುತ್ತಿತ್ತು.

ಆ ವರ್ಷ ಆಯ್ತಣ್ಣನ ಜೋಳ ಚೆನ್ನಾಗಿ ಬಂದಿತ್ತು. ಹೆದ್ದಾರಿಯ ಅರ್ಧಕ್ಕೆ ಹರವಿ, ಸುತ್ತ ಕಲ್ಲಿಟ್ಟು, ಕಾಲಲ್ಲಿ ತಿರುವುತ್ತಾ ನಿಂತಿದ್ದ. ಬಸ್ಸಿನವರು ಕಲ್ಲಿಗೆ ಮರ್ಯಾದೆ ಕೊಡದೆ ಜೋಳದ ಮೇಲೇ ಹೋದರು. ಮೇಲಾಗಿ ಅತ್ತಿಗೆ ತನ್ನ ತಗಡು ಹಾರದಿರಲೆಂದು ಅವನ ಕಲ್ಲೊಂದನ್ನು ಎತ್ತಿಕೊಂಡು ಹೋದಳು. ಆಗ ಅವನ ಹೆಂಡತಿ ಒಂದು ಉಪಾಯ ಹೇಳಿದಳು.

"ನೋಡ್ರೀ, ಸುಮ್ನೆ ಕಲ್ಲಿಟ್ರೆ ಯಾರು ಕೇಳ್ತಾರೆ? ಬಣ್ಣ ಹೊಡೀರಿ, ನಂಬರ್ ಹಾಕಿ. ನಂಬರ್ ಇರೋದನ್ನ ಜನ ಮುಟ್ಟಲ್ಲ."

"ಆಯ್ತು," ಅಂದ ಆಯ್ತಣ್ಣ.

ಬಣ್ಣ ಎಲ್ಲಿಂದ ಬಂತು ಅನ್ನುವುದನ್ನು ನೆನಪಿಡಿ. ಹಿಂದಿನ ತಿಂಗಳು ಅವನು ದೊಡ್ಡಮ್ಮನ ಬಾಗಿಲಿಗೆ ಬಣ್ಣ ಹೊಡೆದಿದ್ದ. ಕೆಂಪು ಸಾಲದೆ ಬಂದು, ಮನೆಯಲ್ಲಿದ್ದ ಒಂದಿಷ್ಟು ನೇರಳೆಯನ್ನು ಅದಕ್ಕೇ ಸುರಿದು ಕಲಸಿದ್ದ. ಆದದ್ದು ಅತ್ತ ಟೊಮ್ಯಾಟೋ ಅಲ್ಲದ ಇತ್ತ ಬದನೆಕಾಯಿ ಅಲ್ಲದ ಒಂದು ಬಣ್ಣ. ಊರೆಲ್ಲ ಆ ಬಾಗಿಲನ್ನು ನೋಡಿ ನಕ್ಕಿತ್ತು. ಡಬ್ಬಿಯಲ್ಲಿ ಉಳಿದ ಅದೇ ಬಣ್ಣವನ್ನು ಕಲ್ಲುಗಳ ತಲೆಗೆ ಬಳಿದ. ಕೆಳಗೆ ಸುಣ್ಣ ಬಳಿದು ನಂಬರ್ ಹಾಕಿದ. ನಂಬರ್ ಹಾಕಿದ ಮೇಲೆ ಕೈ ಸುಮ್ಮನಿರಲಿಲ್ಲ. ಗತ್ತಿಗೆ ಇರಲಿ ಎಂದು ಒಂದೊಂದರ ಮೇಲೂ "ರಾ.ಹೆ." ಎಂದು ಬರೆದ. ರಾಜ್ಯ ಹೆದ್ದಾರಿ. ನೋಡಿದರೆ ಯಾರಿಗಾದರೂ ಎದ್ದು ನಿಲ್ಲಬೇಕು ಅನ್ನಿಸುವಂತಿತ್ತು.

ಬಣ್ಣ ಒಣಗಿದ ಕಲ್ಲುಗಳನ್ನು ಸಂಜೆ ತಂದು ಜೋಳದ ಸುತ್ತ ಇಡುವ ಹೊತ್ತಿಗೇ ಮೋಡ ಕವಿಯಿತು. ಅಂಗಡಿಗಳವರೆಲ್ಲ ಆ ಕಲ್ಲು ನೋಡುವ ಮೊದಲೇ ಬಾಗಿಲು ಎಳೆದುಕೊಂಡು ಒಳಗೆ ಸೇರಿದೆವು. ಆಯ್ತಣ್ಣನ ಬಾಮೈದ ಬೇರೆ ಊರಿನಿಂದ ಟ್ರ್ಯಾಕ್ಟರ್ ತಂದಿದ್ದ. ಇಬ್ಬರೂ ಸೇರಿ ಜೋಳ ತುಂಬಿ ಮನೆಗೆ ಸಾಗಿಸಿದರು.

"ಭಾವ, ಈ ಕಲ್ಲೇನ್ ಮಾಡ್ಲಿ?"

"ರಸ್ತೆಯಿಂದ ಆಚೆ ಹಾಕಿ ಊರಿಗೆ ಹೊರಡು. ನಾನು ಮೂಟೆ ಒಳಗಿಡ್ತೀನಿ."

ಬಾಮೈದ ಮಹಾ ಶಿಸ್ತಿನ ಮನುಷ್ಯ. ಬರೀ ಆಚೆ ಹಾಕಿದರೆ ಮಳೆ ನೀರಿಗೆ ಉರುಳಿ ರಸ್ತೆಗೇ ಬಂದೀತು, ಯಾವನಾದರೂ ಬಿದ್ದಾನು ಎಂದು, ಟ್ರ್ಯಾಕ್ಟರ್ ನಿಧಾನಕ್ಕೆ ಓಡಿಸುತ್ತಾ ಒಂದೊಂದು ಕಲ್ಲನ್ನೂ ರಸ್ತೆಯಿಂದ ಚೆನ್ನಾಗಿ ಒಳಗೆ, ಅಂಗಡಿ ಸಂದಿಗಳಲ್ಲಿ, ಅಳೆದಂತೆ ಸಾಲಾಗಿ, ಮಣ್ಣು ಅಗೆದು ಅರ್ಧಕ್ಕೆ ಹೂತು, ಕಾಲಲ್ಲಿ ತುಳಿದು ಗಟ್ಟಿ ಮಾಡಿ, ಮಳೆಯಲ್ಲಿ ನೆನೆಯುತ್ತಾ ತನ್ನ ಊರಿಗೆ ಹೊರಟುಹೋದ. ಮಾಡುವ ಕೆಲಸವನ್ನು ಇಷ್ಟು ನೀಟಾಗಿ ಮಾಡುವವರಿಂದಲೇ ಲೋಕಕ್ಕೆ ಅನಾಹುತ.

ಬೆಳಿಗ್ಗೆ ಕಟಿಂಗ್ ಶಾಪಿನವನು ಬಾಗಿಲು ತೆಗೆದ. ಕುರ್ಚಿಯ ಹಿಂದೆ, ಗೋಡೆಯ ಬುಡದಲ್ಲಿ, ಕೆಂಪು ತಲೆಯ ಕಲ್ಲು. ರಾ.ಹೆ. ಆರು. ಅವನ ಕೂಗಿಗೆ ನಾನು ಸೂಜಿ ಚುಚ್ಚಿಕೊಂಡೆ. ಓಡಿ ಹೋಗಿ ನೋಡಿದರೆ ನನ್ನ ಮೆಷಿನ್ನಿನ ಹಿಂದೆ ಏಳು. ಅತ್ತಿಗೆಯ ಒಲೆಯ ಹಿಂದೆ ಎಂಟು. ದೊಡ್ಡಮ್ಮನ ಜಗಲಿ ಮನೆಯ ಗೋಡೆಗೆ ಸೇರುವ ಮೂಲೆಯಲ್ಲಿ ಒಂಬತ್ತು. ಕಲ್ಲಿನಿಂದ ಕಲ್ಲಿಗೆ ಕಣ್ಣಲ್ಲೇ ಗೆರೆ ಎಳೆದರೆ ಊರಿನ ಅರ್ಧ ಆಸ್ತಿ ಗೆರೆಯ ಆಚೆ, ಹೆದ್ದಾರಿಯ ಕಡೆ ಬಿತ್ತು.

"ರಸ್ತೆ ಅಗಲ ಮಾಡ್ತಾರೆ!" ಎಂದ ಕಟಿಂಗ್ ಶಾಪಿನವನು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಟೀ ಕುದಿಯುವುದರೊಳಗೆ ರಸ್ತೆ ನಾಲ್ಕು ಸಾಲಿನದಾಯಿತು, ಮಧ್ಯದಲ್ಲಿ ಹೂವಿನ ಗಿಡ ಬಂತು, ಮೇಲೆ ಸೇತುವೆಯೂ ಬಂತು.

ಅಷ್ಟರಲ್ಲಿ ಗಡ್ಡ ಕೆರೆಸಿಕೊಳ್ಳಲು ಆಯ್ತಣ್ಣ ಬಂದು ಕುರ್ಚಿಯಲ್ಲಿ ಕೂತ. ಅವನ ಬೆನ್ನಿಗೆ ಕಲ್ಲು, ಮುಂದೆ ಜನ.

"ಏನಯ್ಯಾ, ನಿನ್ನೆ ಸಂಜೆ ರಸ್ತೆ ಮೇಲೆ ಇದ್ದವನು ನೀನೊಬ್ಬನೇ. ಹೆದ್ದಾರಿಯವರು ಬಂದಿದ್ರು, ನೋಡಿದ್ಯಾ?" ಎಂದ ಕಟಿಂಗ್ ಶಾಪಿನವನು, ಮುಖಕ್ಕೆ ನೊರೆ ಹಚ್ಚುತ್ತಾ.

ಊರೇ ತನ್ನ ಬಾಯಿ ನೋಡುತ್ತಿದೆ. ಹುಟ್ಟಿದಾಗಿನಿಂದ ಯಾರೂ ಹೀಗೆ ನೋಡಿರಲಿಲ್ಲ. ಆಯ್ತಣ್ಣ ನೊರೆಯೊಳಗಿಂದ, "ಹೂಂ, ಬಂದಿದ್ರಲ್ಲ," ಅಂದ.

"ಎಷ್ಟು ಜನ?"

"ಇದ್ರು, ಜೀಪಲ್ಲಿ."

"ನಿನ್ನ ಹತ್ರ ಮಾತಾಡಿದ್ರಾ?"

"ಮತ್ತೆ? ನನ್ನ ಹತ್ರಾನೇ ನೀರು ಕೇಳಿ ಕುಡಿದ್ರು. ಸ್ವಲ್ಪ ನೋಡ್ಕೊಳ್ಳಿ ಅಂದ್ರು. ನಾನೂ ಆಯ್ತು ಅಂದೆ."

ಗಡ್ಡ ಮುಗಿದು ಕುರ್ಚಿ ತಿರುಗಿತು. ಎದುರಿಗೆ ಕಲ್ಲು ಕಂಡಿತು. ತನ್ನ ಕಲ್ಲು, ತನ್ನ ಬಣ್ಣ, ತಾನೇ ಬರೆದ ಆರು. ಅವನ ಮುಖ ಆಗ ಹೇಗಾಯಿತೆಂದರೆ, ಕಟಿಂಗ್ ಶಾಪಿನವನು ಕತ್ತಿ ತಾಗಿತೇನೋ ಎಂದು ಗಾಬರಿಯಾಗಿ ಪಟಿಕ ಹಚ್ಚಿದ. ನನಗೆ ಇದೆಲ್ಲ ಆಮೇಲೆ ತಿಳಿದದ್ದು. ಆ ಹೊತ್ತಿಗೆ ನಾನೂ "ಪಾಪ, ಊರಿನ ಚಿಂತೆಗೆ ಮುಖ ಬಿಳುಚಿಕೊಂಡಿದೆ" ಎಂದೇ ತಿಳಿದೆ.

ಮನೆಗೆ ಓಡಿ ಹೆಂಡತಿಗೆ ಹೇಳಿದ. ಅವಳು ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನ ಕರ್ಮವೇ! ಈಗ್ಲೇ ಹೋಗಿ, ಕಲ್ಲು ನಮ್ದು, ಜೋಳಕ್ಕಿಟ್ಟಿದ್ದು ಅಂತ ಹೇಳಿ ಬನ್ನಿ!"

"ಆಯ್ತು," ಎಂದು ಚಪ್ಪಲಿ ಮೆಟ್ಟಿದ. ಬಾಗಿಲಲ್ಲಿ ಕಟಿಂಗ್ ಶಾಪಿನವನ ಹೆಂಡತಿ ನಿಂತಿದ್ದಳು, ಕಂಕುಳಲ್ಲಿ ದೊಡ್ಡದೊಂದು ಕುಂಬಳಕಾಯಿ.

"ತಗೋ ಅಕ್ಕ, ನಮ್ಮ ಹಿತ್ತಲದ್ದು. ನಿಮ್ಮ ಯಜಮಾನರಿಗೆ ಆಫೀಸರುಗಳು ಪರಿಚಯ ಅಂತೆ. ನಮ್ಮ ಆರನೇ ನಂಬರ್ ಸ್ವಲ್ಪ ಮುಂದಕ್ಕೆ ಮಾಡ್ಸೋಕೆ ಆಗುತ್ತಾ ಕೇಳಿ."

ಇಷ್ಟು ವರ್ಷ ಇದೇ ಹೆಂಗಸು ಆಯ್ತಣ್ಣನ ಹೆಂಡತಿಗೆ ನಲ್ಲಿಯ ಹತ್ತಿರ ಜಾಗ ಬಿಟ್ಟಿರಲಿಲ್ಲ. ಈಗ ಅಕ್ಕ ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಕುಂಬಳಕಾಯಿಯೇ ತಾನಾಗಿ ಹೆಗಲಿಗೆ ಬಂತು. ಹೆಂಡತಿ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು ಗಂಡನ ಕಡೆ ತಿರುಗಿ, "ನಾಳೆ ಹೇಳಿದ್ರಾಯ್ತು ಬಿಡಿ," ಅಂದಳು.

ನಾಳೆ ಬಂತು, ಅದರ ನಾಳೆಯೂ ಬಂತು. ಜನರೂ ಬಂದರು. ನನ್ನ ಮೆಟ್ಟಿಲು ಉಳಿಸಪ್ಪ ಎಂದವನಿಗೆ ಆಯ್ತು. ಅವನ ಮೆಟ್ಟಿಲು ಉಳಿಸಬೇಡ ಎಂದವನಿಗೂ ಆಯ್ತು. ನಾನು ಕೂಡ ಹೋಗಿ, ಅಳತೆ ತೆಗೆದುಕೊಳ್ಳದೆ ಒಂದು ಅಂಗಿ ಹೊಲಿದುಕೊಟ್ಟು ಬಂದೆ. ಬಿಸಿತುಪ್ಪ ಬಾಯಿಗೆ ಬಿದ್ದಂತೆ ಅವನು ಉಗುಳಲಾರದೆ ನುಂಗಲಾರದೆ ಓಡಾಡುತ್ತಿದ್ದ. ನಾವು ಅದನ್ನು ದೊಡ್ಡವರ ಗಾಂಭೀರ್ಯ ಎಂದುಕೊಂಡೆವು.

ಅತ್ತಿಗೆ ಜಾಣೆ. "ಅವ್ರು ಬಂದು ಒಡೆದ್ರೆ ತಗಡೂ ಹೋಗುತ್ತೆ ಒಲೇನೂ ಹೋಗುತ್ತೆ. ನಾವೇ ತೆಗೆದ್ರೆ ಸಾಮಾನಾದ್ರೂ ಉಳಿಯುತ್ತೆ," ಎಂದು ತಾನೇ ತಗಡು ಬಿಚ್ಚಿ, ಒಲೆಯನ್ನು ಎಂಟನೇ ಕಲ್ಲಿನ ಹಿಂದಕ್ಕೆ ಒಯ್ದಳು. ಅವಳು ಹೋದಳೆಂದು ಕಟಿಂಗ್ ಶಾಪಿನವನು ಹೋದ. ಅವನು ಹೋದನೆಂದು ನಾನು ಹೋದೆ. ಊರೇ ಒಂದು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಬೆನ್ನು ಹಚ್ಚಿ ನಿಂತಿತು. ಎದುರಿಗೆ ಹೆದ್ದಾರಿ ಹಾಸಿಕೊಂಡು ಬಿದ್ದಿತ್ತು. ಇಷ್ಟು ಅಗಲ ಇದೆಯೆಂದು ನಮಗೇ ಗೊತ್ತಿರಲಿಲ್ಲ, ದಾಟುವಾಗ ಭಯವಾಗುತ್ತಿತ್ತು.

ಉಳಿದದ್ದು ದೊಡ್ಡಮ್ಮನ ಜಗಲಿ. ಒಂದು ಮಧ್ಯಾಹ್ನ ಆಯ್ತಣ್ಣ ಹೋದಾಗ ಅವಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬೆನ್ನ ಹಿಂದೆ ಆ ಬದನೆಕಾಯಿ ಬಾಗಿಲು.

"ಬಾ, ಕೂತ್ಕೋ. ಇನ್ನೆಷ್ಟು ದಿನ ಕೂರ್ತೀಯೋ ಇದ್ರ ಮೇಲೆ. ಮೇಸ್ತ್ರಿಗೆ ಹೇಳಿ ಕಳಿಸಿದೀನಿ, ಗುರುವಾರ ಬಂದು ಜಗಲಿ ಒಡೀತಾನೆ."

ಕೂರಲು ಹೊರಟಿದ್ದ ಆಯ್ತಣ್ಣ ಮತ್ತೆ ಎದ್ದು ನಿಂತ. "ಯಾಕೆ ದೊಡ್ಡಮ್ಮ? ಕಾಯೋಣ. ಅವಸರ ಏನಿದೆ?"

"ಒಂಬತ್ತನೇ ನಂಬರ್ ಕಲ್ಲು ಹಾಕಿದಾರಲ್ಲ. ಸರ್ಕಾರದೋರು ಒಡೆದ್ರೆ ಚಪ್ಪಡಿ ಪುಡಿ ಆಗುತ್ತೆ. ಮೇಸ್ತ್ರಿ ಹುಷಾರಾಗಿ ತೆಗೀತಾನೆ." ಅವಳು ಒಂದು ಕಾಯಿ ಸುಲಿದು, ಅವನ ಮುಖ ನೋಡದೆ ಕೇಳಿದಳು: "ನಿಂಗೇನಾದ್ರೂ ಹೇಳೋದಿದ್ಯಾ?"

"ಏನಿಲ್ಲ ದೊಡ್ಡಮ್ಮ."

"ಯೋಚ್ನೆ ಮಾಡಿ ಹೇಳು."

"ಏನಿಲ್ಲ."

"ಆಗ್ಲಿ. ಗುರುವಾರ ಬಂದು ಚಪ್ಪಡಿ ಎತ್ತೋಕೆ ಕೈ ಹಾಕು."

"ಆಯ್ತು," ಅಂದುಬಿಟ್ಟ. ಬಾಯಿಗೆ ಅಭ್ಯಾಸ.

ಮರುದಿನ ಊರೆಲ್ಲ ಊಟ ಮಾಡಿ ಅಡ್ಡಾದ ಹೊತ್ತಿಗೆ ಅವನು ಹಾರೆ ಹಿಡಿದು ಒಂಬತ್ತನೇ ಕಲ್ಲಿನ ಬುಡ ಅಗೆಯಲು ಹೋದ. ಅದೊಂದನ್ನು ಕಿತ್ತರೆ ಜಗಲಿ ಉಳಿಯುತ್ತದೆ, ಮಿಕ್ಕದ್ದು ಮಿಕ್ಕಿತು ಎಂಬ ಲೆಕ್ಕ. ಬಾಮೈದನ ಕೆಲಸ, ಕಲ್ಲು ಅಲುಗಲಿಲ್ಲ. ಹಾರೆಯ ಸದ್ದಿಗೆ ಕಟಿಂಗ್ ಶಾಪಿನವನು ಮಾತ್ರ ಅಲುಗಿದ.

"ಹಿಡೀರಿ! ಕಲ್ಲು ಕೀಳ್ತಿದಾನೆ! ತನ್ನ ದೊಡ್ಡಮ್ಮನ ಕಲ್ಲು ಮುಂದಕ್ಕೆ, ನಮ್ಮದೆಲ್ಲ ಹಿಂದಕ್ಕಾ? ಎಲ್ಲಾರ್ಗೂ ಒಂದು ನ್ಯಾಯ, ನಿಮ್ಮನೆಗೊಂದು ನ್ಯಾಯವಾ?"

ಸುತ್ತ ಜನ ಸೇರಿದರು. ಆಯ್ತಣ್ಣ ಹಾರೆಗೆ ಒರಗಿ, ಬೆವರು ಒರೆಸಿಕೊಂಡು, "ಕೀಳ್ತಿಲ್ಲಪ್ಪ. ಗಟ್ಟಿ ಇದ್ಯಾ ಅಂತ ನೋಡ್ತಿದ್ದೆ. ನೋಡ್ಕೊಳ್ಳಿ ಅಂದಿದ್ರಲ್ಲ ಅವ್ರು," ಅಂದ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ನಿಯತ್ತಿನ ಮನುಷ್ಯನನ್ನು ಅನುಮಾನಿಸಿದೆವಲ್ಲ ಎಂದು ನಮಗೇ ನಾಚಿಕೆಯಾಯಿತು. ಪಂಚಾಯಿತಿ ಅಧ್ಯಕ್ಷರು ಅಲ್ಲೇ ನಿಂತು, ಇನ್ನು ಮುಂದೆ ಅಷ್ಟೂ ಕಲ್ಲುಗಳ ಕಾವಲು ಆಯ್ತಣ್ಣನದೇ ಎಂದು ಘೋಷಿಸಿ ಅವನ ಬೆನ್ನು ತಟ್ಟಿದರು. ತನ್ನ ಕಲ್ಲನ್ನು ತಾನೇ ಕದಿಯದಂತೆ ತಾನೇ ಕಾಯುವ ಕೆಲಸ ಲೋಕದಲ್ಲಿ ಇನ್ಯಾರಿಗೂ ಸಿಕ್ಕಿರಲಾರದು.

ಅಧ್ಯಕ್ಷರು ಅಷ್ಟಕ್ಕೇ ಬಿಡಲಿಲ್ಲ. ಪಟ್ಟಣಕ್ಕೆ ಹೋಗಿ ಹೆದ್ದಾರಿ ಕಚೇರಿಯಲ್ಲಿ ಇಂಜಿನಿಯರ ಮುಂದೆ ನಿಂತರು. ಜೊತೆಗೆ ನಾನೂ ಇದ್ದೆ, ಇಸ್ತ್ರಿ ಮಾಡಿದ ಅಂಗಿ ನನ್ನದೊಂದೇ ಎಂಬ ಕಾರಣಕ್ಕೆ.

"ಸಾರ್, ನಮ್ಮೂರಲ್ಲಿ ಕಲ್ಲು ನೆಟ್ಟಿದೀರಲ್ಲ, ರಸ್ತೆ ಅಗಲ ಮಾಡೋಕೆ."

ಇಂಜಿನಿಯರರ ಕಣ್ಣಲ್ಲಿ ಒಂದು ಕ್ಷಣ ಏನೂ ಇರಲಿಲ್ಲ. ಪಕ್ಕದ ಗುಮಾಸ್ತರನ್ನು ನೋಡಿದರು. ಗುಮಾಸ್ತರು ಫ್ಯಾನ್ ನೋಡಿದರು. ತನ್ನ ರಸ್ತೆಯಲ್ಲಿ ತನಗೆ ಗೊತ್ತಿಲ್ಲದೆ ಕಲ್ಲು ಬಿದ್ದಿದೆ ಎಂದು ಹಳ್ಳಿಯವರ ಮುಂದೆ ಒಪ್ಪಿಕೊಳ್ಳುವುದು ಹೇಗೆ?

"ಹಾಂ, ಹೌದು. ಕಲ್ಲು. ಅದು ಪರಿಶೀಲನೇಲಿದೆ," ಎಂದರು ಇಂಜಿನಿಯರು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

"ಸಾರ್, ನೀವು ಬಂದು ನೋಡ್ಬೇಕು."

"ಆಯ್ತು, ಗುರುವಾರ ಬರ್ತೀನಿ."

ಆಯ್ತು ಅನ್ನುವ ಕಾಯಿಲೆ ನಮ್ಮೂರಿಗಷ್ಟೇ ಅಲ್ಲ ಎಂದು ನನಗೆ ಆಗ ಹೊಳೆಯಬೇಕಿತ್ತು.

ಗುರುವಾರ ಬೆಳಿಗ್ಗೆ ಮೇಸ್ತ್ರಿ ಉಳಿ, ಸುತ್ತಿಗೆ ತಂದು ಜಗಲಿಯ ಮುಂದೆ ಹರಡಿದ. ಊರೆಲ್ಲ ನೆರೆದಿತ್ತು. ಆ ಜಗಲಿಯ ಮೇಲೆ ಬಸ್ಸಿಗೆ ಕಾಯದವರು ಯಾರೂ ಇರಲಿಲ್ಲ. ನನಗೆ ಹೆಣ್ಣು ಕೊಟ್ಟವರು ಮೊದಲು ಬಂದು ಕೂತದ್ದೂ ಅಲ್ಲೇ. ಒಬ್ಬೊಬ್ಬರೇ ಬಂದು ಚಪ್ಪಡಿಯನ್ನು ಕೈಯಲ್ಲಿ ಸವರಿ ಹಿಂದೆ ಸರಿದೆವು. ದೊಡ್ಡಮ್ಮ ಮಾತ್ರ ಬಾಗಿಲು ಮುಂದಕ್ಕೆ ಎಳೆದುಕೊಂಡು, ಹೊಸ್ತಿಲ ಹೊರಗೆ ಮಣೆ ಹಾಕಿ ಆರಾಮಾಗಿ ಕೂತಿದ್ದಳು. ಇಂಜಿನಿಯರ ಜೀಪು ಬಂದು ನಿಂತಿತು. ಅವರು ಇಳಿದು, ಕಲ್ಲುಗಳ ಸಾಲನ್ನು ನೋಡಿ, ತಲೆದೂಗಿ, "ಚೆನ್ನಾಗಿ ನೆಟ್ಟಿದಾರೆ ನಮ್ಮವರು," ಎಂದರು.

ದೊಡ್ಡಮ್ಮ ಆಯ್ತಣ್ಣನನ್ನು ನೋಡಿದಳು. "ಏನಪ್ಪ, ಶುರು ಮಾಡ್ಲಾ ಮೇಸ್ತ್ರಿ?"

ಆಯ್ತಣ್ಣ ಬಾಯಿ ತೆರೆದ. ಏನು ಬರುತ್ತದೆಂದು ನಮಗೆಲ್ಲ ಗೊತ್ತಿತ್ತು. ಮೇಸ್ತ್ರಿ ಸುತ್ತಿಗೆ ಎತ್ತಿಯೂ ಆಗಿತ್ತು.

"ಆಗಲ್ಲ!"

ಮೇಸ್ತ್ರಿಯ ಸುತ್ತಿಗೆ ಮೇಲೆಯೇ ನಿಂತಿತು. ಆಯ್ತಣ್ಣನ ಹೆಂಡತಿ "ಏನಂದ್ರೀ?" ಎಂದು ಎರಡು ಸಲ ಕೇಳಿದಳು. ಹುಟ್ಟಿದಾಗಿನಿಂದ ಆ ಬಾಯಲ್ಲಿ ಆ ಮಾತು ಬಂದಿರಲಿಲ್ಲ.

ಅವನು ಹೋಗಿ ಜಗಲಿಯ ಮೇಲೆ ಕಾಲು ಚಾಚಿ ಕೂತುಬಿಟ್ಟ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಒಡೀಬೇಡಿ. ಇದು ನಾನು ಬೆಳೆದ ಜಾಗ. ಕಲ್ಲು ನಂದು. ಜೋಳಕ್ಕಿಟ್ಟಿದ್ದ ಕಲ್ಲು. ಯಾವ ಜೀಪೂ ಬರ್ಲಿಲ್ಲ, ಯಾರೂ ನನ್ನ ಹತ್ರ ನೀರು ಕೇಳ್ಲಿಲ್ಲ. ನಾನೇ ಸುಳ್ಳು ಹೇಳ್ದೆ. ಬೈಯೋದಿದ್ರೆ ಬೈಯಿರಿ, ಹೊಡೆಯೋದಿದ್ರೆ ಹೊಡೀರಿ. ಜಗಲಿ ಮಾತ್ರ ಮುಟ್ಬೇಡಿ."

ನಾವು ಬಾಯಿ ತೆರೆಯುವ ಮೊದಲೇ ಇಂಜಿನಿಯರು ಕೆಂಪಾದರು. "ಏನ್ ಮಾತಾಡ್ತಿದೀರಿ? ಇದು ಇಲಾಖೆ ಕಲ್ಲು! ನಾನೇ ಹೇಳಿದೀನಿ ಪರಿಶೀಲನೇಲಿದೆ ಅಂತ!"

"ಇಲ್ಲ ಸ್ವಾಮಿ, ನಂದು."

"ರಾ.ಹೆ. ಅಂತ ಬರೆದಿದೆ, ಕಾಣಲ್ವಾ?"

"ನಾನೇ ಬರೆದಿದ್ದು ಸ್ವಾಮಿ. ಗತ್ತಿಗೆ."

"ಸರ್ಕಾರಿ ಕಲ್ಲನ್ನ ನಂದು ಅನ್ನೋದು ಅಪರಾಧ, ಗೊತ್ತಾ?"

ಕಟಿಂಗ್ ಶಾಪಿನವನು ಇಂಜಿನಿಯರ ಕಡೆ ಸೇರಿದ. "ಸುಮ್ನಿರು ಆಯ್ತಣ್ಣ, ದೊಡ್ಡಮ್ಮನ ಮೇಲಿನ ಪ್ರೀತಿಗೆ ಜೈಲಿಗೆ ಹೋಗ್ಬೇಡ," ಎಂದು ಕಣ್ಣೊರೆಸಿಕೊಂಡ. ಕುಂಬಳಕಾಯಿ ಕೊಟ್ಟ ಮನೆಯವನು, ಅಷ್ಟು ಸುಲಭಕ್ಕೆ ನಂಬಲಾರ.

ಆಗ ದೊಡ್ಡಮ್ಮ ಮಣೆಯಿಂದ ಎದ್ದಳು. ಪಕ್ಕಕ್ಕೆ ಸರಿದು ನಿಂತಳು. ಅವಳ ಹಿಂದೆ ಮುಚ್ಚಿದ ಬಾಗಿಲು, ಬಾಗಿಲ ಪಕ್ಕದ ಮೂಲೆಯಲ್ಲಿ ಒಂಬತ್ತನೇ ಕಲ್ಲು.

"ಸಾಹೇಬ್ರೇ, ಇಲ್ಲಿ ಬನ್ನಿ. ಈ ಬಾಗಿಲು ನೋಡಿ. ಈ ಕಲ್ಲು ನೋಡಿ. ಇಂಥ ದರಿದ್ರ ಬಣ್ಣ ಭೂಮಿ ಮೇಲೆ ಇನ್ನೆಲ್ಲಾದ್ರೂ ಸಿಗುತ್ತಾ? ಕಲಸಿದೋನು ಇಲ್ಲೇ ಕೂತು ಅಳ್ತಿದಾನೆ."

ಇಂಜಿನಿಯರು ಬಾಗಿಲು ನೋಡಿದರು, ಕಲ್ಲು ನೋಡಿದರು, ಮತ್ತೆ ಬಾಗಿಲು ನೋಡಿದರು. ನಾವೂ ನೋಡಿದೆವು. ಒಂದು ತಿಂಗಳು ಆ ಬಾಗಿಲನ್ನು ನೋಡಿ ನಕ್ಕವರು ನಾವು, ಅದೇ ಬಣ್ಣ ಕಲ್ಲಿನ ಮೇಲೆ ಕಂಡಾಗ ಕೈಮುಗಿಯುವುದೊಂದು ಬಾಕಿ ಇತ್ತು.

"ದೊಡ್ಡಮ್ಮ, ನಿಂಗೆ ಗೊತ್ತಿತ್ತಾ?" ಎಂದ ಆಯ್ತಣ್ಣ, ಮೂಗು ಏರಿಸುತ್ತಾ.

"ಮೊದಲ್ನೇ ದಿನ ಬಾಗಿಲು ತೆಗೆದಾಗ್ಲೇ ಗೊತ್ತಾಯ್ತು."

"ಮತ್ಯಾಕೆ ಸುಮ್ನಿದ್ದೆ?"

ಅವಳು ಹೆದ್ದಾರಿಯ ಕಡೆ ಕೈ ತೋರಿಸಿದಳು. ತಗಡಿಲ್ಲ, ಬೆಂಚಿಲ್ಲ, ಹಲಗೆಯಿಲ್ಲ, ನನ್ನ ಮೆಷಿನ್ನೂ ಇಲ್ಲ. ಜಗಲಿಯಿಂದ ಕುರಿಯವರ ಊರಿನ ಕಡೆಯ ತಿರುವು ಅಂಗೈಯಲ್ಲಿಟ್ಟ ಹಾಗೆ ಕಾಣುತ್ತಿತ್ತು.

"ಎಷ್ಟು ವರ್ಷದಿಂದ ಹೇಳ್ದೆ, ತಗಡು ಸ್ವಲ್ಪ ಹಿಂದಕ್ಕೆ ಹಾಕಮ್ಮ, ತಿರುವು ಕಾಣಲ್ಲ ಅಂತ. ಯಾರಾದ್ರೂ ಕಿವಿಗೆ ಹಾಕ್ಕೊಂಡ್ರಾ? ನಿನ್ನ ಕಲ್ಲು ಒಂದು ವಾರದಲ್ಲಿ ಮಾಡ್ತು. ಇನ್ನು ಆ ಮೇಸ್ತ್ರಿ ಅಂತೀಯಾ? ಅವನಿಗೆ ಜಗಲಿ ಮುಟ್ಬೇಡ, ಸುತ್ತಿಗೆ ಎತ್ತು ಸಾಕು ಅಂತ ಹೇಳಿದ್ದೆ." ಮೇಸ್ತ್ರಿ ಹಲ್ಲು ಕಿರಿದ. ದೊಡ್ಡಮ್ಮ ಸೆರಗಿನಿಂದ ಆಯ್ತಣ್ಣನ ಮುಖ ಒರೆಸಿದಳು. "ಸಾಯೋದ್ರೊಳಗೆ ನಿನ್ನ ಬಾಯಲ್ಲಿ ಒಂದ್ಸಲ ಆಗಲ್ಲ ಅನ್ನೋದು ಕೇಳ್ಬೇಕಿತ್ತು ಕಣೋ ನಂಗೆ."

 ಎಲ್ಲರಿಗಿಂತ ಮೊದಲು ಅತ್ತಿಗೆಗೆ ಅರ್ಥವಾಯಿತು.

"ಅಂದ್ರೆ ರಸ್ತೆ ಅಗಲ ಆಗಲ್ಲ! ಅಂದ್ರೆ ನನ್ನ ಒಲೆ ಮುಂದೆ ಬರ್ಬಹುದು!"

"ನೀನು ಬಂದ್ರೆ ನಾನೂ ಬರ್ತೀನಿ," ಎಂದ ಕಟಿಂಗ್ ಶಾಪಿನವನು. ನಾನು ಆಗಲೇ ಮೆಷಿನ್ನಿನ ಕಡೆ ಹೆಜ್ಜೆ ಇಟ್ಟಿದ್ದೆ. "ಕಲ್ಲು ಕೀಳಯ್ಯಾ ಆಯ್ತಣ್ಣ! ನಿಂದೇ ಅಂದ್ಯಲ್ಲ, ಕೀಳು!" ಎಂದು ಎಲ್ಲರೂ ಕೂಗಿದೆವು.

ಆಯ್ತಣ್ಣ ನಮ್ಮನ್ನು ನೋಡಿದ. ಆ ಹೊತ್ತಿಗೆ ಸರಿಯಾಗಿ ತಿರುವಿನಲ್ಲಿ ಬಸ್ಸು ಕಾಣಿಸಿತು. ದೊಡ್ಡಮ್ಮ ಅದನ್ನೇ ನೋಡುತ್ತಾ ನಿಂತಿದ್ದಳು. ಅವಳ ಮುಖ ನೋಡಿ ಅವನು ಜಗಲಿಯಿಂದ ಇಳಿದ. ಹಾರೆ ತೆಗೆದುಕೊಂಡು ಬೆವರು ಸುರಿಸಿ ಒಂಬತ್ತನೇ ಕಲ್ಲನ್ನು ಮಾತ್ರ ಕಿತ್ತು, ಜಗಲಿಯ ಮುಂದೆ ತಂದು ನೆಟ್ಟ. ಹಾರೆಯನ್ನು ಮೇಸ್ತ್ರಿಯ ಕೈಗೆ ಕೊಟ್ಟು, "ಮಿಕ್ಕಿದ್ದು ಆಗಲ್ಲ," ಅಂದ.

"ಬಂತು, ಏಳಿ," ಎಂದು ಯಾರೂ ಕೂತಿರದ ಜಗಲಿಗೆ ಹೇಳಿ ದೊಡ್ಡಮ್ಮ ನೀರಿಡಲು ಒಳಗೆ ಹೋದಳು. ಆ ದಿನ ಇಂಜಿನಿಯರಿಗೂ ಅಲ್ಲೇ ಟೀ ಆಯಿತು. ಟೀ ಕುಡಿದು, ಟೇಪು ಹಿಡಿದು ಅಳೆದು, ಕಲ್ಲುಗಳ ಗೆರೆ ಇಲಾಖೆಯ ಗೆರೆಗೆ ಹತ್ತಿರವೇ ಇದೆ, ಜಗಲಿ ರಸ್ತೆಗಿಂತ ಹಳೆಯದು, ಪರಿಶೀಲನೆ ಮುಗಿಯಿತು ಎಂದು ಹೇಳಿ ಮರ್ಯಾದೆ ಉಳಿಸಿಕೊಂಡು ಹೋದರು.

ಆ ಕಲ್ಲುಗಳು ಈಗಲೂ ಅಲ್ಲೇ ಇವೆ. ಇಲಾಖೆಯವರು ಬಂದು ಅವಕ್ಕೆ ಬಣ್ಣ ಹೊಡೆದು ಹೋಗುತ್ತಾರೆ. ಅವರ ಕೆಂಪು ಹೊಂದುವುದಿಲ್ಲ ಎಂದು ಪೇಂಟರು ಮೊದಲ ಸಲ ದೊಡ್ಡಮ್ಮನ ಬಾಗಿಲ ಮುಂದೆ ಡಬ್ಬಿಗಳನ್ನು ಇಟ್ಟುಕೊಂಡು ಮಧ್ಯಾಹ್ನದವರೆಗೂ ಕಲಸಿ, ಕೊನೆಗೆ ಆಯ್ತಣ್ಣನನ್ನೇ ಕರೆಸಿದ. ಜೋಳ ಒಣಗಿಸಲು ಆಯ್ತಣ್ಣ ಬೇರೆ ಕಲ್ಲು ತಂದಿದ್ದಾನೆ, ಬಣ್ಣ ಬಳಿದಿಲ್ಲ. ಅದರಲ್ಲಿ ಒಂದನ್ನು ಅತ್ತಿಗೆ ಎತ್ತಿಕೊಂಡು ಹೋಗಿದ್ದಾಳೆ.

ಅವನು ಈಗಲೂ ಎಲ್ಲದಕ್ಕೂ ಆಯ್ತು ಅನ್ನುತ್ತಾನೆ, ಕಲ್ಲಿನ ವಿಷಯ ಒಂದು ಬಿಟ್ಟು. ಮೊನ್ನೆ ಅವನಿಗೆ ಒಂದು ಟೀ ಕೊಡಿಸಿ, ಮನೆ ಮಕ್ಕಳ ಯೋಗಕ್ಷೇಮ ವಿಚಾರಿಸಿ, ಏಳನೇ ಕಲ್ಲು ಬೆಳಕಿಗಾಗಿ ಒಂದೇ ಒಂದು ಗೇಣು ಮುಂದೆ ಬಂದರೆ ಹೇಗೆ ಎಂದು ಮೆಲ್ಲಗೆ ಕೇಳಿದೆ. ಟೀ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, "ಆಗಲ್ಲ," ಅಂದ. ಆದ್ದರಿಂದ ಮೆಷಿನ್ನು ಒಳಗೇ ಇದೆ. ಈಚೆಗೆ ನಾನು ಹೊಲಿದ ಅಂಗಿಗಳಲ್ಲಿ ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಎಂದು ದೂರುವವರು ನನ್ನ ಹತ್ತಿರ ಬರಬೇಡಿ. ಜಗಲಿಯ ಮೇಲೆ ದೊಡ್ಡಮ್ಮ ಕೂತಿರುತ್ತಾಳೆ, ಅವಳನ್ನು ಕೇಳಿ.